ವಿಜಯಾ ಆಂಟಿ ಒತ್ತಿದ ಬಟನ್ನು

ಒಂದ್ನಿಮಿಷ, ಕೈಯಲ್ಲಿರೋದನ್ನ ಪಕ್ಕಕ್ಕಿಡಿ, ಇದನ್ನ ಪೂರ್ತಿ ಕೇಳಿ. ಶುರುವಲ್ಲಿ ಷೇರು, ಫಂಡು ಅಂತೆಲ್ಲಾ ಬರತ್ತೆ, ಬೋರು ಅಂತ ಎದ್ದು ಓಡ್ಬೇಡಿ ಪ್ಲೀಸ್.

ನಾನು ಸುಚೇತಾ. ಮೈಸೂರಿನವಳು, ಕೆನಡಾದಲ್ಲಿ ಓದಿ, ಅಲ್ಲೇ ಸಿಟಿಜನ್ ಆಗಿ, ಈಗ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಕೆಲಸ. ನಂಗೆ ಇಟಿಎಫ್ ಹುಚ್ಚು. ಇಟಿಎಫ್ ಅಂದ್ರೆ ನೂರಾರು ಕಂಪನಿಗಳ ಷೇರನ್ನ ಒಂದೇ ಬುಟ್ಟೀಲಿ ಹಾಕಿಟ್ಟಿರೋ ಫಂಡು, ಅಷ್ಟೇ. ಕೆನಡಾ ಬಿಟ್ಟು ಟೆಕ್ಸಸ್‌ಗೆ ಬಂದೋರ ರಿಟೈರ್‌ಮೆಂಟ್ ಅಕೌಂಟು ಅಲ್ಲೇ ಉಳ್ಕೊಂಡಿರತ್ತಲ್ಲ, ಅದರಲ್ಲಿ ಯಾವ ಇಟಿಎಫ್ ಇಡೋದು ಅಂತ ಯಾರಾದ್ರೂ ಕೇಳಿದ್ರೆ ಸಾಕು, ನಾನು ಊಟ ಬಿಟ್ಟು ಮಾತಾಡ್ತೀನಿ.

ಡಲ್ಲಾಸ್‌ನಲ್ಲಿ ರಾಜ್ಯೋತ್ಸವದ ದಿನಾನೂ ಹಾಗೇ ಆಯ್ತು. ಊಟದ ಕ್ಯೂನಲ್ಲಿ ನಿಂತ್ಕೊಂಡು ಯಾರಿಗೋ ಹೇಳ್ತಿದ್ದೆ, ಎರಡು ಥರ ಇದೆ, ಗ್ರೋಥ್ ಫಂಡಲ್ಲಿ ಕೈಗೆ ಏನೂ ಬರಲ್ಲ, ಆದ್ರೆ ಹತ್ತು ವರ್ಷ ಸುಮ್ನಿದ್ರೆ ಚೆನ್ನಾಗಿ ಬೆಳಿಯತ್ತೆ, ಇನ್‌ಕಮ್ ಫಂಡು ಜಾಸ್ತಿ ಬೆಳಿಯಲ್ಲ, ಆದ್ರೆ ತಿಂಗಳಾ ತಿಂಗಳಾ ದುಡ್ಡು ಬರತ್ತೆ ಅಂತ. ಹಿಂದಿಂದ ಒಂದು ದನಿ, "ಏ ತಂಗಿ, ಮುಂದ ಸರೀವಾ. ನಿನ್ನ ಫಂಡ್ ಬೆಳಿಯೂದ್ರಾಗ ಅಲ್ಲೆ ಹೋಳಿಗಿ ಖಾಲಿ ಆಗ್ತಾವ!"

ಅವರೇ ಕೃಷ್ಣಚೈತನ್ಯ ಅಂಕಲ್. ಧಾರವಾಡದವರು. ಕ್ಯಾಲ್ಗರೀಲಿ ಎಷ್ಟೋ ವರ್ಷ ಎಣ್ಣೆ ಕಂಪನೀಲಿದ್ದು, ಆಮೇಲೆ ಅದೇ ಕಂಪನಿಯ ಟೆಕ್ಸಸ್ ಆಫೀಸಿಗೆ, ದ ವುಡ್‌ಲ್ಯಾಂಡ್ಸ್‌ಗೆ ಬಂದೋರು. ಮನೆ ಹ್ಯೂಸ್ಟನ್ ಹತ್ರ, ಸೈಪ್ರೆಸ್‌ನಲ್ಲಿ. ಪಕ್ಕದಲ್ಲಿ ಅವರ ಹೆಂಡ್ತಿ ವಿಜಯಾ ಆಂಟಿ, ಅವರ ತಟ್ಟೆಯಿಂದ ಎರಡನೇ ಹೋಳಿಗೆ ಎತ್ತಿ ತಮ್ಮ ತಟ್ಟೆಗೆ ಹಾಕ್ಕೋತಾ, "ಶುಗರ್ ಅದ ಇವರಿಗೆ, ನೋಡಿದಿ?" ಅಂದ್ರು.

ಅವತ್ತು ಒಂದೇ ಟೇಬಲ್‌ನಲ್ಲಿ ಕೂತ್ವಿ. ಕೆನಡಾದಲ್ಲಿ ಉಳಿದಿದ್ದ ಅವರ ಅಕೌಂಟಲ್ಲಿ ಎಲ್ಲಾ ಗ್ರೋಥ್ ಫಂಡೇ. ರಿಟೈರ್ ಆದ್ಮೇಲೆ ಕ್ಯಾಲ್ಗರಿಗೇ ವಾಪಸ್ಸು, ಬೆಟ್ಟ ಕಾಣೋ ಕಡೆ ಸಣ್ಣ ಮನೆ ಅಂತ ಪ್ಲಾನು. ಅಂಕಲ್ ಫಂಡ್ ಹುಡುಕೋದು, ಆದ್ರೆ ಕೊನೇಲಿ ಕಂಪ್ಯೂಟರಲ್ಲಿ ಕೊಳ್ಳೋ ಬಟನ್ ಒತ್ತೋದು ಮಾತ್ರ ಯಾವಾಗ್ಲೂ ಆಂಟಿ! "ಈಕಿ ಕೈಗುಣ ಛಲೋ ಅದವಾ. ಮೊದಲನೇ ಷೇರು ನಾ ಒತ್ತಿದ್ದೆ, ಕಂಪನೀನ ಮುಳುಗಿ ಹೋತು. ಆವತ್ತಿನಿಂದ ನಾ ಮುಟ್ಟಿಲ್ಲ." ಆಂಟಿ, "ಸಾಕ್ರಿ ಅಂದ್ರ" ಅಂತಾ ನಾಚ್ಕೊಂಡ್ರು.

ಚಳಿ ಕಳೆಯೋಷ್ಟರಲ್ಲಿ ಅಂಕಲ್‌ಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಅಂತ ಗೊತ್ತಾಯ್ತು. ಆಗ್ಲೇ ಹರಡಿತ್ತು. ಏಪ್ರಿಲ್‌ನಲ್ಲಿ ಫೋನ್ ಮಾಡಿ, "ಶನಿವಾರ ಮನಿಗೆ ಬಾ, ಫಂಡ್ ವಿಚಾರ ಮಾತಾಡೂದದ" ಅಂದ್ರು. ನಾನು 290 ಹೈವೇ ಹಿಡಿದು ಹೋದೆ. ದಾರಿ ಉದ್ದಕ್ಕೂ ರಸ್ತೆ ಪಕ್ಕ ನೀಲಿ ಹೂವು ಬಿಟ್ಟಿತ್ತು, ಜನ ಕಾರ್ ನಿಲ್ಸಿ ಮಕ್ಕಳನ್ನ ಅದರ ಮಧ್ಯೆ ಕೂರ್ಸಿ ಫೋಟೋ ತೆಗೀತಿದ್ರು. ನಂಗೆ ಅವರ ಮೇಲೆ ಸುಮ್ಸುಮ್ನೆ ಸಿಟ್ಟು ಬಂತು.

ಅಂಕಲ್ ಎಷ್ಟು ಇಳಿದುಹೋಗಿದ್ರು ಅಂದ್ರೆ, ಬಾಗಿಲು ತೆಗೆದಾಗ ಗುರುತು ಸಿಗೋಕೆ ಒಂದು ಕ್ಷಣ ಬೇಕಾಯ್ತು. ನನ್ನ ಕಾರ್ ಟೈರಿಗೆ ಗಾಳಿ ಕಮ್ಮಿ ಇದೆ ಅಂತ ನೆಪ ಹೇಳಿ ಗ್ಯಾರೇಜಿಗೆ ಕರ್ಕೊಂಡು ಹೋದ್ರು. ಅಲ್ಲಿ ಒಂದು ಡಬ್ಬದ ಮೇಲೆ ಕೂತು, ಉಸಿರು ಹಿಡಿದು ಹಿಡಿದು ಹೇಳಿದ್ರು.

"ನಾ ಈ ವರ್ಷ ದಾಟೂದಿಲ್ಲವಾ. ನಂಗ ಗೊತ್ತದ. ಆಕಿ ಮುಂದ ಅನ್ನೂ ಹಂಗಿಲ್ಲ, ಅಶುಭ ಮಾತು ಅಂತ ಬಾಯಿಗೆ ಕೈ ಅಡ್ಡ ಹಿಡೀತಾಳ. ಎಲ್ಲಾ ತಗದು ತಿಂಗಳಾ ತಿಂಗಳಾ ರೊಕ್ಕ ಬರೂ ಫಂಡಿಗೆ ಹಾಕಬೇಕು. ಆಕಿ ಯಾರ ಮುಂದೂ ಕೈ ಚಾಚಬಾರದು. ನೀ ಏನ್ ಮಾಡು, ಮಾರ್ಕೆಟ್ ಬೀಳೂ ಹಂಗ ಅದ, ಅದರ ಸಲುವಾಗಿ ಅಂತ ಹೇಳು. ನನ್ನ ಸಲುವಾಗಿ ಅಂತ ಬ್ಯಾಡ."

"ಅಂಕಲ್, ಮಾರ್ಕೆಟ್ ಯಾವಾಗ ಬೀಳತ್ತೆ ಅಂತ ಯಾರಿಗೂ..."

"ನಿಂಗ ಗೊತ್ತು, ನಂಗ ಗೊತ್ತು. ಆಕಿಗೆ ಗೊತ್ತಿಲ್ಲಲ್ಲ. ನೀ ಹೇಳಿದ್ರ ನಂಬ್ತಾಳ."

ಒಳಗೆ ಬಂದ್ರೆ ಆಂಟಿ ಅಡುಗೆಮನೇಲಿ ಅವಲಕ್ಕಿ ಹಚ್ತಾ ಇದ್ರು. ಅಂಕಲ್ ಬಾತ್‌ರೂಮಿಗೆ ಹೋಗಿದ್ದೇ ತಡ, ನನ್ನ ಮೊಣಕೈ ಹಿಡ್ಕೊಂಡ್ರು. ಕೈಯಲ್ಲಿ ಇನ್ನೂ ಎಣ್ಣೆ, ಮೆಣಸಿನಪುಡಿ.

"ಎಲ್ಲಾ ಇನ್‌ಕಮ್ ಫಂಡಿಗೆ ಹಾಕೂಣು ಅಂದ್ರಲ್ಲ ಅವರು?"

ನಂಗೆ ಸುಳ್ಳು ಬರ್ಲಿಲ್ಲ, ಹೌದು ಅಂತ ತಲೆ ಆಡ್ಸಿದೆ.

"ಅವರು ಹೇಳಿದ್ದಕ್ಕ ಹೂಂ ಅನಬ್ಯಾಡವಾ. ಗ್ರೋಥ್‌ನ ಇರ್ಲಿ. ಹತ್ತು ವರ್ಷ ಬೇಕು ಅದಕ್ಕ ಅಂತಿದ್ಯಲ್ಲ? ನಂಗ ಆ ಹತ್ತು ವರ್ಷ ಬೇಕು. ಈಗ ಬದಲಿ ಮಾಡಿದ್ರ, ನಾನ ಅವರ ಕೈ ಬಿಟ್ಟಂಗ ಆಗ್ತದ." ಆಮೇಲೆ ದನಿ ಇಳಿಸಿ, "ಅವರಿಗಿನ್ನೂ ಆಸೆ ಅದ. ನಾ ಅಳೂದು ನೋಡಿದ್ರ ಕುಗ್ಗತಾರ. ಅದಕ್ಕ ನಾ ನಕ್ಕೋತ ಇರ್ತೀನಿ" ಅಂದ್ರು.

ನೋಡಿ, ಇಬ್ರೂ ಒಂದೇ ಮಂಚದಲ್ಲಿ ಮಲಗೋರು! ಇವರಿಗೆ ಅವರ ಆಸೆ ಮುರೀಬಾರ್ದು, ಅವರಿಗೆ ಇವರ ಆಸೆ ಮುರೀಬಾರ್ದು. ಮಧ್ಯೆ ಇಟಿಎಫ್ ಹುಚ್ಚಿ ನಾನು.

ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟು ಮೂರೂ ಜನ ಕೂತ್ವಿ. ಅಂಕಲ್ ನನ್ನ ಮುಖಾನೇ ನೋಡ್ತಿದ್ರು. ಆಂಟೀನೂ. ನಾನು ಶುರು ಮಾಡ್ದೆ. ಮಾರ್ಕೆಟ್ ವಿಪರೀತ ಮೇಲೆ ಹೋಗಿದೆ ಆಂಟಿ, ಯಾವಾಗ ಬೇಕಾದ್ರೂ ಬೀಳಬಹುದು, ಸದ್ಯಕ್ಕೆ ಇನ್‌ಕಮ್ ಫಂಡಲ್ಲಿಟ್ರೆ ಸೇಫು, ಬಡಬಡ ಅಂತ ಹೇಳ್ಬಿಟ್ಟೆ.

"ಅದರ ಸಲುವಾಗಿ ಅಷ್ಟನ?" ಆಂಟಿ ಕೇಳಿದ್ರು. "ಬ್ಯಾರೆ ಏನಿಲ್ಲಲ್ಲ?"

"ಅಷ್ಟೇ ಆಂಟಿ."

ಅವರ ಭುಜ ಇಳೀತು. ಅದನ್ನ ನಾನು ಕಣ್ಣಾರೆ ನೋಡ್ದೆ, ಹೊತ್ತಿದ್ದ ಮೂಟೆ ಕೆಳಗಿಟ್ಟ ಹಾಗೆ. "ಮತ್ತ ಮೊದಲ ಹೇಳಬಾರದ? ಮಾರ್ಕೆಟ್ ಸರಿ ಆದ ಮ್ಯಾಲೆ ವಾಪಸ್ ಗ್ರೋಥ್‌ಗೆ ಹಾಕೂದಲ್ರಿ?"

"ಹಾಕೂಣಂತ," ಅಂದ್ರು ಅಂಕಲ್.

ಆಂಟಿ ಸೆರಗಿಗೆ ಕೈ ಒರೆಸ್ಕೊಂಡು, ಕಣ್ಣು ಮುಚ್ಚಿ ಏನೋ ಅಂದ್ಕೊಂಡು, ಬಟನ್ ಒತ್ತಿದ್ರು. ಅಂಕಲ್ ಅವರ ಆ ಕೈಯನ್ನೇ ನೋಡ್ತಾ ಕೂತ್ರು. ಆಮೇಲೆ, "ಅವಲಕ್ಕಿಗೆ ಉಪ್ಪು ಕಡಿಮಿ ಆಗೇದ" ಅಂದ್ರು. ಆಂಟಿ, "ನಿಮ್ಮ ನಾಲಿಗಿ ಕೆಟ್ಟದ" ಅಂದ್ರು. ಇಬ್ರೂ ನಕ್ರು.

ಜುಲೈನಲ್ಲಿ ಅಂಕಲ್ ಹೋಗ್ಬಿಟ್ರು. ಕೊನೇವರೆಗೂ ಆ ಮನೇಲಿ ಯಾರೂ ಸಾವಿನ ಮಾತು ಎತ್ತಲಿಲ್ವಂತೆ.

ಮೊನ್ನೆ ಭಾನುವಾರ ಆಂಟಿ ಫೋನ್ ಬಂತು. ಅಂಕಲ್ ಅಕೌಂಟು ತಮ್ಮ ಹೆಸರಿಗೆ ಮಾಡಿಸೋಕೆ ಕ್ಯಾಲ್ಗರಿ ಬ್ಯಾಂಕಿಗೆ ಫೋನ್ ಮಾಡಿದ್ರಂತೆ. ಅಲ್ಲಿನ ಹುಡುಗಿ, ಏಪ್ರಿಲ್‌ನಲ್ಲಿ ಯಾಕೆ ಬದಲಾಯಿಸಿದ್ರಿ, ನಿಮ್ಮ ಹಳೇ ಫಂಡು ಆವಾಗಿಂದ ಏರ್ತಾನೇ ಇದೆಯಲ್ಲ ಅಂದ್ಲಂತೆ.

"ರೊಕ್ಕದ ಮಾತಲ್ಲವಾ," ಅಂದ್ರು ಆಂಟಿ. "ತಿಂಗಳಾ ತಿಂಗಳಾ ಬರ್ತದ, ಸಾಕಾಗ್ತದ. ನಂಗ ಒಂದ ಹೇಳು. ಆವತ್ತು ನೀ ಮಾರ್ಕೆಟ್ ಅಂತ ಹೇಳಿದ್ದು ನಿಂದ ಮಾತೋ, ಅವರು ಹೇಳಿಕೊಟ್ಟಿದ್ದೋ?"

ನಾನು ಫೋನನ್ನ ಇನ್ನೊಂದು ಕಿವಿಗೆ ಹಿಡ್ಕೊಂಡೆ.

"ಅವರು ಹೇಳಿಕೊಟ್ಟಿದ್ರ, ಅವರಿಗೆ ಏಪ್ರಿಲ್‌ನ್ಯಾಗನ ಎಲ್ಲಾ ತಿಳಿದಿತ್ತು ಅಂತಾತು. ತಿಳಿದೂ ಅಷ್ಟು ದಿನ ಅದನ್ನ ಒಬ್ಬರ ಹೊತ್ಕೊಂಡು ನನ್ನ ಪಕ್ಕದಾಗ ಮಲಗಿದ್ರು ಅಂತಾತು. ಗೊತ್ತಿದ್ರ ನಾ ನಗೂ ನಾಟಕ ಬಿಟ್ಟು, ಅವರ ಜೋಡಿ ಕೂತು ಅಳತಿದ್ದೆ. ಅವರನ್ನ ಒಬ್ಬರನ್ನ ಬಿಟ್ಟುಬಿಟ್ಟೆನೇನು ನಾನು? ಖರೇ ಹೇಳು."

ನಂದೇ ಲೆಕ್ಕ ತಪ್ಪಿತ್ತು ಆಂಟಿ, ನಾನೇ ಹೇಳಿದ್ದು ಅಂತ ಅನ್ನಬಹುದಿತ್ತು. ಹಾಗಂದಿದ್ರೆ ಆಂಟಿ ಆರಾಮಾಗಿ ನಿದ್ದೆ ಮಾಡ್ತಿದ್ರು. ಆದ್ರೆ ಅಂಕಲ್ ಆ ಗ್ಯಾರೇಜಲ್ಲಿ ಅವರಿಗೋಸ್ಕರ ಉಸಿರು ಹಿಡಿದು ಆಡಿದ ಮಾತು ಆಂಟಿಗೆ ಯಾವತ್ತೂ ಸಿಗ್ತಿರಲಿಲ್ಲ. ನಿಜ ಹೇಳಿದ್ರೆ ಆ ಮಾತು ಸಿಗತ್ತೆ, ಜೊತೆಗೆ ಅವರನ್ನ ಒಬ್ಬರನ್ನೇ ಬಿಟ್ಟೆನಾ ಅನ್ನೋ ಪ್ರಶ್ನೆಗೆ ಹೌದು ಅನ್ನೋ ಉತ್ತರಾನೂ ಸಿಕ್ಬಿಡತ್ತೆ.

"ಕೆಲಸದಲ್ಲಿದೀನಿ ಆಂಟಿ, ಆಮೇಲೆ ಮಾಡ್ತೀನಿ" ಅಂತ ಇಟ್ಬಿಟ್ಟೆ. ಭಾನುವಾರ ಅನ್ನೋದು ಅವರಿಗೂ ಗೊತ್ತಿತ್ತು. ಇವತ್ತು ಮತ್ತೆ ಎರಡು ಸಲ ಫೋನ್ ಬಂದಿದೆ, ತೆಗೆದಿಲ್ಲ. ನನ್ನ ಜಾಗದಲ್ಲಿ ನೀವಿದ್ದಿದ್ರೆ ಆಂಟಿಗೆ ಏನ್ ಹೇಳ್ತಿದ್ರಿ?