ಸಾಹುಕಾರರು ಊರಲ್ಲಿಲ್ಲ

ಸೋಫಾ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಸಾಹುಕಾರನಿಗೆ ಅವಳು ನಿಜಕ್ಕೂ ಅತ್ತಿಗೆ, ಸತ್ತ ಅಣ್ಣನ ಹೆಂಡತಿ. ಅವನು ಕರೆದದ್ದು ಕೇಳಿ ಬಡಗಿಗಳು, ಸಾಮಾನು ಹೊರುವವರು, ಕೊನೆಗೆ ಗಿರಾಕಿಗಳೂ ಅದನ್ನೇ ಹಿಡಿದರು. ಅಣ್ಣ ಕೈಯಾರೆ ಕಟ್ಟಿದ ಅಂಗಡಿ, ಅವನು ಕಣ್ಣು ಮುಚ್ಚಿದ ಮೇಲೆ ತಮ್ಮನದಾಯಿತು. ಹೇಗಾಯಿತು ಎಂದು ಕೇಳುವಷ್ಟು ಗಂಟಲು ಅವಳಿಗಿರಲಿಲ್ಲ. ಚಡ್ಡಿ ಹಾಕಿಕೊಂಡು ಓಡಾಡುವಾಗಿನಿಂದ ನೀನು ಎನ್ನುತ್ತಿದ್ದ ಮೈದುನನನ್ನು, ತಾನು ಅಂಗಡಿಯ ಕೆಲಸಕ್ಕೆಂದು ಸ್ಟೂಲಿನ ಮೇಲೆ ಕೂತ ದಿನದಿಂದ ನೀವು ಎನ್ನತೊಡಗಿದಳು. ಅವನೂ ಬೇಡ ಎನ್ನಲಿಲ್ಲ.

ಅವಳ ಕೆಲಸ ಕುಶನ್ನಿನ ಕವರು ಹೊಲಿಯುವುದು, ಫೋನು ಎತ್ತುವುದು. ಹೊಲಿಗೆಯನ್ನು ಯಾರಾದರೂ ಹೊಲಿದಾರು, ಫೋನಿನಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ಸಾಹುಕಾರ ತೆರಿಗೆಯವರಿಗೆ ಹೆದರಿದಷ್ಟು ದೇವರಿಗೂ ಹೆದರಿದವನಲ್ಲ. ಗುರುತಿಲ್ಲದ ದನಿ ದುಡ್ಡಿನ ಮಾತೆತ್ತಿದರೆ ಏನು ಹೇಳಬೇಕೆಂದು ಮೊದಲ ದಿನವೇ ಅವಳಿಗೆ ಬಾಯಿಪಾಠ ಮಾಡಿಸಿದ್ದ. ಸಾಹುಕಾರರು ಊರಲ್ಲಿಲ್ಲ, ವ್ಯಾಪಾರ ನೆಲ ಕಚ್ಚಿದೆ, ನನಗೇನೂ ಗೊತ್ತಿಲ್ಲ. ಅವಳು ಅದಕ್ಕೆ ತನ್ನ ಕೈಯಿಂದ ಉಪ್ಪು ಖಾರ ಸೇರಿಸಿ ಎಷ್ಟು ಹದವಾಗಿ ಹೇಳುತ್ತಿದ್ದಳೆಂದರೆ, ಒಬ್ಬ ಇನ್‌ಸ್ಪೆಕ್ಟರು ಕೇಳಬೇಕಾದ್ದನ್ನೇ ಮರೆತು ಅವಳಿಗೇ ಸಮಾಧಾನ ಹೇಳಿ ಫೋನಿಟ್ಟಿದ್ದ. ಮನೆಗೆ ನೆಂಟರು ಬಂದಾಗ ಸಾಹುಕಾರ ಅವಳನ್ನು ಅಡುಗೆಮನೆಯಿಂದ ಕರೆಸುತ್ತಿದ್ದ.

"ಅತ್ತಿಗೆ, ಒಂದ್ಸಲ ಹೇಳಿ ತೋರಿಸಿ ನೋಡೋಣ."

ಅವಳು ಸೆರಗಿಗೆ ಕೈ ಒರೆಸಿಕೊಂಡು, ಬರಿಗೈಯನ್ನು ಕಿವಿಗಿಟ್ಟುಕೊಂಡು ಹೇಳಿ ತೋರಿಸುತ್ತಿದ್ದಳು. ನೆಂಟರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವಳಿಗೂ ಒಳಗೊಳಗೇ ಹೆಮ್ಮೆ. ಇದನ್ನು ನಾಚಿಕೆಗೇಡು ಎನ್ನುತ್ತಿದ್ದವಳು ಮನೆಯಲ್ಲಿ ಒಬ್ಬಳೇ, ಮಗಳು ಗುಬ್ಬಿ.

ಗುಬ್ಬಿ ಫಿಸಿಯೋಥೆರಪಿ ಓದಿ ಒಂದು ಕ್ಲಿನಿಕ್ಕಿನಲ್ಲಿ ಜನರ ಮಂಡಿ ಮಡಿಸಿ ಬಿಡಿಸುವ ಕೆಲಸದಲ್ಲಿದ್ದಳು. ಹೊರದೇಶದ ವಿಶ್ವವಿದ್ಯಾಲಯವೊಂದು ಅವಳಿಗೆ ಎಂ.ಎಸ್ಸಿ. ಸೀಟು ಕೊಟ್ಟು, ಫೀಸಿನಲ್ಲಿ ಅರ್ಧ ಮಾಫಿಯನ್ನೂ ಮಾಡಿತ್ತು. ಉಳಿದರ್ಧಕ್ಕೆ ಅತ್ತಿಗೆ ಮೈಮೇಲಿನ ಚಿನ್ನವನ್ನೆಲ್ಲ ಮಾರಿದಳು. ಅಲ್ಲಿ ಊಟ ವಸತಿಗೆ ಗುಬ್ಬಿಯೇ ಬಿಡುವಿನಲ್ಲಿ ದುಡಿದುಕೊಳ್ಳುತ್ತಾಳೆ. ಆದರೆ ವೀಸಾ ಕೊಡುವವರು ಅದನ್ನು ಒಪ್ಪುವುದಿಲ್ಲ. ವರಮಾನವಿರುವ ಹತ್ತಿರದ ನೆಂಟರೊಬ್ಬರು, ಇವಳ ಖರ್ಚು ನನ್ನದು ಎಂದು ಸಹಿ ಹಾಕಲೇಬೇಕಂತೆ.

"ಬರೀ ಸಹಿ ಅಮ್ಮ," ಎಂದಿದ್ದ ವೀಸಾ ಏಜೆಂಟ್. "ಅವರ ಕೈಯಿಂದ ಒಂದು ಬಿಡಿಗಾಸೂ ಹೋಗಲ್ಲ."

ಬಿಡಿಗಾಸು ಹೋಗದ ಸಹಿಗಾಗಿ ಸಾಹುಕಾರ ತಿಂಗಳುಗಟ್ಟಲೆ ಆಟ ಆಡಿಸಿದ. ಅವನಿಗೆ ಬೆನ್ನುನೋವು. ದಿನಾ ಬೆಳಿಗ್ಗೆ ಅಂಗಡಿಯ ಹಿಂದಿನ ಕೋಣೆಯ ಉದ್ದದ ಸೋಫಾದ ಮೇಲೆ ಅವನು ಬೋರಲು ಮಲಗಬೇಕು, ಗುಬ್ಬಿ ಕ್ಲಿನಿಕ್ಕಿಗೆ ಹೋಗುವ ಮುಂಚೆ ಬೆನ್ನು ತಿಕ್ಕಬೇಕು. ಸಹಿಯ ಮಾತೆತ್ತಿದರೆ, "ಇವತ್ತು ಬಲಗಡೆ ಹಿಡ್ಕೊಂಡಿದೆ ಕಣೇ, ನಾಳೆ ನೋಡೋಣ," ಎನ್ನುತ್ತಿದ್ದ. ಗುಬ್ಬಿ ಹಲ್ಲು ಕಚ್ಚಿಕೊಂಡು ತಿಕ್ಕಿದಳು. ಕೊನೆಗೊಂದು ದಿನ, ಹೆಂಡತಿಯ ತವರಿನವರೆಲ್ಲ ಕೂತಿದ್ದಾಗ, ದೊಡ್ಡ ದಾನಿಯಂತೆ ಪೆನ್ನು ತರಿಸಿ ಸಹಿ ಹಾಕಿದ. ಅತ್ತಿಗೆ ಎಲ್ಲರೆದುರು ಅವನ ಕಾಲಿಗೆ ಬಿದ್ದಳು. ತನಗಿಂತ ಚಿಕ್ಕವನ ಕಾಲಿಗೆ! ಅವನು ಕಾಲನ್ನು ಹಿಂದಕ್ಕೆಳೆದುಕೊಳ್ಳಲೂ ಇಲ್ಲ.

ಸಹಿಯ ಪಕ್ಕ ಫೋನ್ ನಂಬರು ಬರೆಯಬೇಕಿತ್ತು. ಸ್ವಂತ ಮೊಬೈಲ್ ನಂಬರನ್ನು ಕಾಗದದ ಮೇಲೆ ಬರೆದುಕೊಡುವವನಲ್ಲ ಅವನು. ಅಂಗಡಿಯದನ್ನೇ ಬರೆದ. "ವಿಚಾರಿಸೋಕೆ ಫೋನ್ ಬರಬಹುದು," ಎಂದು ಏಜೆಂಟ್ ಹೇಳಿದ್ದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ.

ಮುಂದಿನ ವಾರ ಫೋನು ಬಂತು. ಗುಬ್ಬಿ ಕ್ಲಿನಿಕ್ಕಿಗೆ ಹೋಗಿದ್ದಳು. ಸಾಹುಕಾರ ಹಿಂದಿನ ಕೋಣೆಯಲ್ಲಿ ಬೆನ್ನು ಬಿಟ್ಟುಕೊಂಡು ಇನ್ನೂ ಬೋರಲಾಗಿಯೇ ಬಿದ್ದಿದ್ದ. ಗಂಡಸಿನ ದನಿ, ಮೆತ್ತಗೆ, ಅಚ್ಚುಕಟ್ಟಾಗಿ, ಪಕ್ಕದ ಬೀದಿಯವರ ಹಾಗೆ ಮಾತಾಡಿತು.

"ಅಂಗಡಿ ಮಾಲೀಕರ ವರಮಾನದ ಬಗ್ಗೆ ಒಂದೆರಡು ವಿಷಯ ಖಚಿತ ಮಾಡ್ಕೋಬೇಕಿತ್ತಮ್ಮ. ಅವರಿದ್ದಾರಾ?"

ವೀಸಾದವರು ವಿಚಾರಿಸುತ್ತಾರೆಂದು ಅತ್ತಿಗೆಗೂ ಗೊತ್ತಿತ್ತು. ಆದರೆ ಅವಳ ಲೆಕ್ಕದಲ್ಲಿ ಅವರೆಂದರೆ ಬಿಳಿ ದೊರೆಗಳು, ತೊದಲುತ್ತ ಕನ್ನಡ ಮಾತಾಡುವವರು. ಈ ದನಿ ತೆರಿಗೆಯವರದ್ದೇ. ಅದೂ ಯಾವಾಗ? ಮಗಳ ಬಾಳು ಬೆಳಗುವ ಸಹಿಯನ್ನು ಮೈದುನ ಹಾಕಿಕೊಟ್ಟ ಮರುವಾರವೇ. ಅವನ ಋಣ ತೀರಿಸಲು ದೇವರೇ ದಾರಿ ತೋರಿಸಿದನೆಂದು ಅವಳು ದನಿ ತಗ್ಗಿಸಿದಳು.

"ಸಾಹುಕಾರರು ಊರಲ್ಲಿಲ್ಲ ಸ್ವಾಮಿ. ವ್ಯಾಪಾರ ಎಲ್ಲಿಂದ ಬಂತು, ಪೂರಾ ನೆಲ ಕಚ್ಚಿದೆ. ನಮಗೇ ಸಂಬಳ ಕೊಡೋಕಾಗದೆ ಒದ್ದಾಡ್ತಿದ್ದಾರೆ."

"ಹೌದಾ?"

ಆ ಹೌದಾದಲ್ಲಿ ಕನಿಕರವಿದೆ ಎನಿಸಿತು ಅವಳಿಗೆ. ಇನ್ನೊಂದಿಷ್ಟು ಸುರಿದಳು. "ಅಣ್ಣನ ಮಗಳೊಬ್ಬಳು ತಲೆ ಮೇಲಿದ್ದಾಳೆ ಸ್ವಾಮಿ, ಓದ್ಬೇಕು ಅಂತಾಳೆ. ಅವಳಿಗೊಂದು ಪುಸ್ತಕ ಕೊಡ್ಸೋ ಶಕ್ತಿ ಇಲ್ಲ ಇವರ ಹತ್ರ. ಕಣ್ಣಲ್ಲಿ ನೀರು ಹಾಕ್ತಾರೆ ಪಾಪ."

"ಇಷ್ಟು ಸಾಕಮ್ಮ, ಥ್ಯಾಂಕ್ಸ್," ಎಂದು ಫೋನಿಟ್ಟರು.

ಹಿಂದಿನ ಕೋಣೆಯಿಂದ ಸಾಹುಕಾರ ಕುಶನ್ನಿಗೆ ಮುಖ ಒತ್ತಿಕೊಂಡು ನಗುವುದು ಕೇಳಿಸುತ್ತಿತ್ತು. "ಅಣ್ಣನ ಮಗಳನ್ನೂ ಎಳ್ಕೊಂಡು ಬಂದ್ರಲ್ಲ ಅತ್ತಿಗೆ! ಭಲೇ!" ಅಂದು ಸಂಜೆ ಗಿರಾಕಿಯೊಬ್ಬರು ವಾಪಸು ಮಾಡಿದ್ದ ಕುಶನ್ನೊಂದನ್ನು ಅವಳ ಸ್ಟೂಲಿಗೆ ಹಾಕಿಕೊಳ್ಳಲು ಕೊಟ್ಟ. ಅದರ ಒಂದು ಮೂಲೆ ಹರಿದಿತ್ತು. ಅವಳು ಹೊಲಿದುಕೊಂಡಳು.

ವೀಸಾ ಸಿಗಲಿಲ್ಲ. ಗುಬ್ಬಿ ಏಜೆಂಟನ ಆಫೀಸಿನಿಂದ ನೇರ ಅಂಗಡಿಗೆ ಬಂದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಅತ್ತಿಗೆಗೆ ಇಷ್ಟು ಭಯವಾಗುತ್ತಿರಲಿಲ್ಲ.

"ಚಿಕ್ಕಪ್ಪ, ಅವರು ಅಂಗಡಿಗೆ ಫೋನ್ ಮಾಡಿದ್ರಂತೆ. ಯಾರೋ ಹೆಂಗಸು ಎತ್ತಿದಳಂತೆ. ನಿಮಗೆ ವರಮಾನವೇ ಇಲ್ಲ, ನನಗೊಂದು ಪುಸ್ತಕ ಕೊಡ್ಸೋ ಶಕ್ತಿಯೂ ಇಲ್ಲ ಅಂದಳಂತೆ. ಅಮ್ಮ ಅಂತೂ ನನ್ನ ಬಗ್ಗೆ ಹಾಗೆ ಹೇಳಲ್ಲ. ಚಿಕ್ಕಮ್ಮನಾ? ನಾನು ಹೋಗೋದು ಅವರಿಗೆ ಅಷ್ಟು ಬೇಡವಾಗಿತ್ತಾ?"

ಹೊಲಿಗೆ ಯಂತ್ರದ ಮೇಲಿದ್ದ ಅತ್ತಿಗೆಯ ಕಾಲು ಅಲ್ಲೇ ನಿಂತಿತು. ಬಾಯಿ ತೆರೆದರೆ ಮಗಳು ಹೋದಳು. ತೆರೆಯದಿದ್ದರೆ ತಪ್ಪಿಲ್ಲದ ಓರಗಿತ್ತಿಯ ಮೇಲೆ ಗೂಬೆ ಕೂರುತ್ತದೆ. ಕೂರಲಿ ಎಂದುಕೊಂಡಳು. ಹೌದು, ಹಾಗೆಯೇ ಅಂದುಕೊಂಡಳು, ತಾಯಂದಿರೆಲ್ಲ ಸತ್ಯವಂತರೇನಲ್ಲ. ಆದರೆ ಹೆಂಡತಿಯ ಹೆಸರು ಬಂದದ್ದು ಸಾಹುಕಾರನಿಗೆ ಹಿಡಿಸಲಿಲ್ಲ. ಕಾಲ ಮೇಲೆ ಕಾಲು ಹಾಕಿಕೊಂಡ.

"ಅತ್ತಿಗೆ, ಅವತ್ತು ಹೇಗೆ ಹೇಳಿದ್ರಿ? ಒಂದ್ಸಲ ಹೇಳಿ ತೋರಿಸಿ ನೋಡೋಣ."

"ಬೇಡ," ಎಂದಳು ಅತ್ತಿಗೆ.

"ಹೇಳಿ ಅಂದ್ನಲ್ಲ."

ಅವಳು ಬರಿಗೈಯನ್ನು ಕಿವಿಗಿಟ್ಟುಕೊಂಡಳು. ಸಾಹುಕಾರರು ಊರಲ್ಲಿಲ್ಲ ಎಂದಷ್ಟೇ ಹೇಳಿ ಕೈ ಇಳಿಸಿದಳು. ಉಳಿದದ್ದನ್ನು ಹೇಳುವ ಅಗತ್ಯವೂ ಇರಲಿಲ್ಲ. ಗುಬ್ಬಿ ಅಮ್ಮನನ್ನು ನೋಡುತ್ತ ನಿಂತಳು, ಕ್ಲಿನಿಕ್ಕಿನಲ್ಲಿ ಎಲ್ಲಿ ಮುರಿದಿದೆ ಎಂದು ಹುಡುಕುವವಳ ಹಾಗೆ.

ಇನ್ನೂ ಒಂದು ದಾರಿಯಿತ್ತು. ಅಪೀಲು ಮಾಡಬಹುದೆಂದು ಏಜೆಂಟ್ ಹೇಳಿ ಕಳಿಸಿದ್ದ. ಅಂಗಡಿಯ ವರಮಾನ ನಿಜವಾಗಿ ಇಷ್ಟಿದೆ, ಫೋನಿನಲ್ಲಿ ಹೇಳಿದ್ದು ತಪ್ಪು ಎಂದು ಸಾಹುಕಾರ ಬರೆದುಕೊಟ್ಟರೆ ಸಾಕು.

"ಚಿಕ್ಕಪ್ಪ, ನಾಲ್ಕು ಸಾಲು ಬರ್ಕೊಡಿ."

"ನಿಜವಾದ ವರಮಾನಾನ? ನನ್ನ ಕೈಯಾರೆ?" ಸಾಹುಕಾರ ನಕ್ಕ. "ನಾಳೆ ಬೆಳಿಗ್ಗೆ ತೆರಿಗೆಯವರು ಬಾಗಿಲಿಗೆ ಬರ್ತಾರೆ. ಸಹಿ ಹಾಕು ಅಂದ್ರಿ, ಹಾಕ್ದೆ. ಕೆಡಿಸಿದ್ದು ನಿಮ್ಮಮ್ಮ, ಹೋಗಿ ಅವಳನ್ನ ಕೇಳು."

ಅತ್ತಿಗೆ ಎರಡನೆಯ ಸಲ ಅವನ ಕಾಲಿಗೆ ಬಿದ್ದಳು. ಈ ಸಲ ಅವನು ಕಾಲು ಎಳೆದುಕೊಂಡ.

ಸೀಟು ಹೋಯಿತು. ಮುಂದಿನ ವರ್ಷ ಮತ್ತೆ ಹಾಕೋಣ, ನಾನೇ ಸಹಿ ಹಾಕುತ್ತೇನೆ, ಆದರೆ ಫೋನು ಎತ್ತುವವರು ಸರಿಯಿರಬೇಕು ಎಂದು ಸಾಹುಕಾರ ಹೊಸ ದಾರಿ ಹೇಳಿದ. ಯಾರಿಗೆ ಏನು ಹೇಳಬೇಕೆಂದು ತಿಳಿದವಳು ಗುಬ್ಬಿ ತಾನೇ? ಕ್ಲಿನಿಕ್ಕು ಬಿಟ್ಟು ಅಂಗಡಿಯಲ್ಲಿ ಕೂತರೆ ತನ್ನ ಬೆನ್ನಿಗೂ ಅನುಕೂಲ. ಗುಬ್ಬಿ ಬೇಡ ಎನ್ನುತ್ತಾಳೆಂದು ಅತ್ತಿಗೆ ಕಾದಳು. ಗುಬ್ಬಿ ಒಪ್ಪಿಕೊಂಡಳು. ಮನೆಯಲ್ಲಿ ಅಮ್ಮನೊಡನೆ ಮಾತು ಬಿಟ್ಟಿದ್ದಳು. ಬಡಿಸಿದರೆ ಉಣ್ಣುತ್ತಿದ್ದಳು, ಬಡಿಸದಿದ್ದರೆ ಕೇಳುತ್ತಿರಲಿಲ್ಲ.

ಮೊದಲ ದಿನ ಗುಬ್ಬಿ ಬಂದು ಸ್ಟೂಲಿನ ಮೇಲಿದ್ದ ಕುಶನ್ನನ್ನು ತೆಗೆದು ನೆಲಕ್ಕೆ ಹಾಕಿ, ಬರಿಮರದ ಮೇಲೆ ಕೂತಳು. ಅತ್ತಿಗೆ ಯಂತ್ರದ ಹಿಂದೆ ಕವರು ಹೊಲಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಫೋನು ಬಡಿದುಕೊಂಡಿತು. ಆ ಕಡೆಯ ದನಿ ವರಮಾನದ ಮಾತೆತ್ತಿರಬೇಕು. ಗುಬ್ಬಿ ದನಿ ತಗ್ಗಿಸಿದಳು. ಅದೇ ಹದ, ಅದೇ ನಿಟ್ಟುಸಿರು. ಅತ್ತಿಗೆಗೆ ತನ್ನದೇ ದನಿ ಕೇಳಿದಂತಾಯಿತು.

"ಸಾಹುಕಾರರು ಊರಲ್ಲಿಲ್ಲ ಸ್ವಾಮಿ. ವ್ಯಾಪಾರ ನೆಲ ಕಚ್ಚಿದೆ. ನನಗೇನೂ ಗೊತ್ತಿಲ್ಲ." ಆಮೇಲೆ ತಲೆಯೆತ್ತಿ, ಯಂತ್ರದ ಹಿಂದಿದ್ದವಳನ್ನೇ ನೇರ ನೋಡುತ್ತ ತನ್ನ ಕೈಯಿಂದ ಒಂದಿಷ್ಟು ಸೇರಿಸಿದಳು. "ನಾನು ತಬ್ಬಲಿ ಸ್ವಾಮಿ. ಮೊದಲು ಅಪ್ಪ ಹೋದರು. ಈಗ ಅಮ್ಮನೂ ಇಲ್ಲ. ಇವರು ದಯೆ ತೋರ್ಸಿ ಇಟ್ಕೊಂಡಿದ್ದಾರೆ, ಅಷ್ಟೆ."

ಹಿಂದಿನ ಕೋಣೆಯಿಂದ ಸಾಹುಕಾರ ಭಲೇ ಎಂದ. ಅತ್ತಿಗೆ ತಲೆ ತಗ್ಗಿಸಿ ಯಂತ್ರ ತುಳಿಯತೊಡಗಿದಳು. ಮಧ್ಯಾಹ್ನದೊಳಗೆ ಕವರುಗಳನ್ನು ಮುಗಿಸಿಕೊಡಬೇಕಿತ್ತು.