ಅದೇ ಹೆಸರಿನ ಹಳೆಯ ಫೈಲು

ಪ್ರೋಗ್ರಾಂ ತೆರೆದುಕೊಂಡಿತು. ಪುಟ್ಟಿ ಹೆದರಿದ್ದು ಅದಕ್ಕೇ. ಸರಿಯಾದ ಲೈಬ್ರರಿ ಫೈಲು ಸಿಗದಿದ್ದರೆ ಅದು ತೆರೆದುಕೊಳ್ಳಲೇಬಾರದಿತ್ತು. ಪರದೆಯ ಮೇಲೆ ಕೆಂಪು ಗುರುತು ಹಾಕಿ, ಆಗೋದಿಲ್ಲ ಎಂದು ಹಟ ಹಿಡಿದು ಕೂರಬೇಕಿತ್ತು. ಹಾಳಾದ್ದು, ಹಾಗೆ ಕೂತಿದ್ದರೆ ಉದ್ದಣ್ಣ ಇವತ್ತು ಬದುಕಿರುತ್ತಿದ್ದ.

ಬಾಯ್ಲರ್ ಕೋಣೆಯಲ್ಲಿ ಇನ್ನೂ ಸುಟ್ಟ ರಬ್ಬರಿನ ವಾಸನೆ. ಉಗಿಯ ಒತ್ತಡಕ್ಕೆ ಕಿತ್ತುಹೋದ ಪೈಪಿನ ಬಾಯಿಗೆ ಯಾರೋ ಗೋಣಿಚೀಲ ಸುತ್ತಿದ್ದರು. ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು ಅವಳ ಅಕ್ಕನ ಗಂಡ, ಜೊತೆಗೆ ಉದ್ದಣ್ಣ. ಉಗಿಯ ಒತ್ತಡವನ್ನು ಕಂಪ್ಯೂಟರಿನಲ್ಲಿ ತೋರಿಸುವ ಪ್ರೋಗ್ರಾಂ ಬೇಕೆಂದು ಮ್ಯಾನೇಜರ್ ಹುಡುಕುತ್ತಿದ್ದಾಗ, "ನಮ್ಮ ನಾದಿನಿ ಇದಾಳೆ ಸಾರ್, ಇಂಥದ್ದೆಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭ" ಎಂದು ಅವಳ ಕಂಪನಿಗೆ ಕೆಲಸ ಕೊಡಿಸಿದವರೂ ಭಾವನೇ.

ಸೆನ್ಸರಿನಿಂದ ಒತ್ತಡದ ಅಂಕಿಯನ್ನು ಓದಿ ತರುವ ಭಾಗ ಪುಟ್ಟಿ ಬರೆದದ್ದಲ್ಲ. ಅದು ಸೆನ್ಸರ್ ಮಾಡಿದವರ ಲೈಬ್ರರಿ. ಯಾವ ಪ್ರೋಗ್ರಾಂ ಬೇಕಾದರೂ ಹಂಚಿಕೊಂಡು ಬಳಸಬಹುದಾದ ಹೊರಗಿನ ಫೈಲು. ಅವಳು ಅದರ ಹೆಸರನ್ನಷ್ಟೇ ಜೋಡಿಸಿದ್ದಳು, ಫೈಲನ್ನು ತನ್ನ ಪ್ರೋಗ್ರಾಂ ಜೊತೆಗೆ ಕಳಿಸಿರಲಿಲ್ಲ. ಹೊಸ ಸೆನ್ಸರ್ ಕೂರಿಸುವಾಗ ಅದೂ ಬಂದೇ ಬರುತ್ತದಲ್ಲ ಎಂಬ ಧೈರ್ಯ. ಬಂದಿತ್ತು ನಿಜ. ಆದರೆ ಅದೇ ಹೆಸರಿನ ಹಳೆಯದೊಂದು ಯಾವ ಕಾಲದಿಂದಲೋ ಆ ಕಂಪ್ಯೂಟರಿನಲ್ಲಿ ಬಿದ್ದುಕೊಂಡಿತ್ತು. ಹೆಸರು ಹಿಡಿದು ಹುಡುಕಿದ ಪ್ರೋಗ್ರಾಂ ಮೊದಲು ಸಿಕ್ಕಿದ್ದನ್ನೇ ಎತ್ತಿಕೊಂಡಿತು. ಹಳೆಯದು ಹಳೆಯ ಸೆನ್ಸರಿಗೆಂದು ಬರೆದದ್ದು. ಒಂದು ಮಟ್ಟ ದಾಟಿದ ಮೇಲೆ ಒತ್ತಡ ಎಷ್ಟೇ ಏರಲಿ, ಅದೇ ಅಂಕಿಯನ್ನು ಒಪ್ಪಿಸುತ್ತಾ ಕೂರುತ್ತದೆ.

ತನ್ನ ಕಂಪನಿಯ ಯಜಮಾನನಿಗೆ ಫೋನ್ ಮಾಡಿ ಹೇಳಿದಳು.

"ಹಳೇದನ್ನ ಅಳಿಸಿ, ಸರಿಯಾದ್ದನ್ನ ಹಾಕಿ, ಬಾಯಿ ಮುಚ್ಕೊಂಡು ಬಂದ್ಬಿಡು. ನಿದ್ದೆ ಬಂದಿತ್ತು ಅಂತ ನಿಮ್ಮ ಭಾವನೇ ಒಪ್ಕೊಂಡಿದಾರಂತಲ್ಲ, ನಿಂಗ್ಯಾಕೆ ಇಲ್ಲದ ಉಸಾಬರಿ?"

ಅವಳು ಯಾವುದನ್ನೂ ಮುಟ್ಟದೆ ಎದ್ದು ಆಸ್ಪತ್ರೆಗೆ ಹೋದಳು.

ಭಾವನ ಎರಡು ಕೈಗೂ ಕಟ್ಟು ಹಾಕಿದ್ದರು, ಮುಖದ ಒಂದು ಪಕ್ಕಕ್ಕೂ. "ಬಾರಮ್ಮ ಇಂಜಿನಿಯರಮ್ಮ" ಎಂದರು. ಎಂದಿನ ತಮಾಷೆಯೇ. ಅಕ್ಕ ಬಿಸಿನೀರು ತರಲು ಕೆಳಗೆ ಹೋಗಿದ್ದಳು. ಸಂಜೆಗೆ ಪೊಲೀಸರು ಬರುವವರಿದ್ದರು. ಅವರ ಮುಂದೆಯೂ ನಿದ್ದೆ ಎಂದರೆ ಜೈಲು ತಪ್ಪುವುದಿಲ್ಲ ಎಂದು ವಕೀಲರು ಹೇಳಿ ಹೋಗಿದ್ದರು.

"ನಿದ್ದೆ ಬಂದಿತ್ತು ಅಂತ ಯಾಕೆ ಒಪ್ಕೊಂಡ್ರಿ ಭಾವ?"

"ಇನ್ನೇನು ಹೇಳ್ಲಿ? ಗೋಡೆ ಮೇಲಿನ ಹಳೇ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿದ್ದು ನೋಡಿದ ನೆನಪಿದೆ. ತಿರುಗಿ ನೋಡಿದ್ರೆ ನಿನ್ನ ಪರದೇಲಿ ಎಲ್ಲಾ ಸರಿಯಾಗಿದೆ. ಎರಡೂ ಒಟ್ಟಿಗೆ ಹೇಗಾಗತ್ತೆ, ನೀನೇ ಹೇಳು. ಆಗಷ್ಟೇ ಊಟ ಆಗಿತ್ತು, ಕಣ್ಣು ಹತ್ತಿರ್ಬೇಕು. ಅದು ಕನಸು." ಅವರು ಗೋಡೆಯ ಕಡೆ ಮುಖ ತಿರುಗಿಸಿದರು. "ನಾನು ಕನಸು ಕಾಣ್ತಾ ಕೂತಿದ್ದೆ ಪುಟ್ಟಿ, ಅವನು ಅಲ್ಲಿ ಬೆಂದುಹೋದ."

ಈ ಮನುಷ್ಯ ತನ್ನ ಕಣ್ಣನ್ನೇ ಸುಳ್ಳು ಮಾಡಿಕೊಂಡಿದ್ದರು, ಅವಳ ಪರದೆಯನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ.

"ಕನಸಲ್ಲ ಭಾವ. ಮೀಟರ್ ತೋರಿಸಿದ್ದೇ ನಿಜ. ನನ್ನ ಪ್ರೋಗ್ರಾಂ ತಪ್ಪು ಹೇಳ್ತು."

ಎಲ್ಲವನ್ನೂ ಹೇಳಿದಳು. ಲೈಬ್ರರಿ ಗಿಬ್ರರಿ ಅವರ ತಲೆಗೆ ಹೋಗಲಿಲ್ಲ. ಅವರು ಒಂದನ್ನೇ ಹಿಡಿದುಕೊಂಡರು.

"ಹಾಗಾದ್ರೆ ನಾನು ಎಚ್ಚರವಾಗಿದ್ನಾ?"

"ಹೂಂ."

"ತೂಕಡಿಸಲೂ ಇಲ್ವಾ?"

"ಇಲ್ಲ ಭಾವ. ನೀವು ನೋಡಿದ್ದೆಲ್ಲ ನಿಜ."

ಅವರು ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಕಣ್ಣೊರೆಸಿಕೊಳ್ಳಲು ಕೈಯಿಲ್ಲದೆ ನೀರು ಕೆನ್ನೆಯ ಕಟ್ಟಿನೊಳಗೆ ಇಳಿಯುತ್ತಿತ್ತು. ಪುಟ್ಟಿ ಸೆರಗಿನ ತುದಿಯಿಂದ ಒರೆಸಿದಳು. ಬಾಯಿಗೆ ಬಂದಂತೆ ಬೈದಿದ್ದರೂ ತಡೆದುಕೊಳ್ಳುತ್ತಿದ್ದಳು. ಈ ನೆಮ್ಮದಿಯನ್ನು ನೋಡಲಾಗಲಿಲ್ಲ.

ಅಕ್ಕ ಫ್ಲಾಸ್ಕ್ ಹಿಡಿದು ಒಳಗೆ ಬಂದಳು. "ಯಾವಾಗ ಬಂದ್ಯೇ? ಮುಖ ಯಾಕೆ ಹೀಗಾಗಿದೆ, ಏನಾದ್ರೂ ತಿಂದ್ಯಾ ಇಲ್ವಾ?" ಎನ್ನುತ್ತಾ ತಂಗಿಯ ಭುಜದ ಮೇಲೆ ಕೈಯಿಟ್ಟಳು.

"ಏ, ಕೇಳಿಲ್ಲಿ," ಭಾವ ಏಳಲು ನೋಡಿದರು. "ನಾನು ನಿದ್ದೆ ಮಾಡಿರ್ಲಿಲ್ಲ ಕಣೇ! ಎಚ್ಚರವಾಗೇ ಇದ್ದೆ. ನಿನ್ನ ತಂಗಿನೇ ಹೇಳ್ತಿದಾಳೆ. ಉದ್ದಣ್ಣನ ಹೆಂಡತಿಗೂ ಹೇಳ್ಬೇಕು, ಈಗ್ಲೇ ಹೇಳು."

ಅಕ್ಕನ ಮುಖ ಅರಳಿತು. "ನಾನು ಹೇಳ್ಲಿಲ್ವಾ? ನೀವು ಅಂಥವರಲ್ಲ ಅಂತ ಬಡ್ಕೊಂಡೆ ನಾನು." ಆಮೇಲೆ ತಂಗಿಯ ಕಡೆ ಬಗ್ಗಿದಳು. "ಮತ್ತೆ ಯಾರದ್ದಂತೆ ತಪ್ಪು?"

ಏನೋ ಹೇಳಹೊರಟ ಭಾವ ಮಾತನ್ನು ಅಲ್ಲೇ ನಿಲ್ಲಿಸಿದರು. ಆ ಪ್ರಶ್ನೆ ಅವರಿಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ.

"ನಂದು ಅಕ್ಕ," ಎಂದಳು ಪುಟ್ಟಿ.

ಅಕ್ಕನ ಕೈ ಇನ್ನೂ ಸ್ವಲ್ಪ ಹೊತ್ತು ಅವಳ ಭುಜದ ಮೇಲೇ ಇತ್ತು. ಆಮೇಲೆ ಫ್ಲಾಸ್ಕಿನ ಮುಚ್ಚಳ ತಿರುಗಿಸಲು ಅವಳಿಗೆ ಎರಡೂ ಕೈ ಬೇಕಾದವು.