ಮೂಲೆಯ ಕೆಂಪು ಅಂಕಿ

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಇಪ್ಪತ್ತೇಳು ವರ್ಷ ಎರಡನೇ ತರಗತಿಗೆ ಪಾಠ ಹೇಳಿದವಳಿಗೆ ಅದು ಇನ್ನೆಲ್ಲಿರಬೇಕು? ಹಾಗಾಗಿ ಹೆಡ್ ಮೇಡಂ ಬಂದು, "ಈ ವರ್ಷದಿಂದ ನಿಮ್ಮ ಮಕ್ಕಳು ಬ್ಲಾಗ್ ಬರೀಬೇಕು" ಅಂದಾಗ ನಾನು ಸುಮ್ಮನಿರಲಿಲ್ಲ.

"ಮೇಡಂ, ಇವು ಮೂಗು ಒರೆಸಿಕೊಳ್ಳೋದನ್ನೇ ಇನ್ನೂ ಕಲಿತಿಲ್ಲ. ಬ್ಲಾಗ್ ಬರೀತಾವಾ?"

"ನೀವು ಕಲಿಸಿದ್ರೆ ಬರೀತಾವೆ," ಎಂದು ಮೂರು ಹಾಳೆ ಸೂಚನೆಗಳನ್ನು ನನ್ನ ಕೈಗಿಟ್ಟು ಹೋದರು.

ಮೊದಲ ಹಾಳೆ ಓದಿದೆ. ಮಕ್ಕಳ ನಿಜವಾದ ಹೆಸರು, ಫೋಟೋ ಯಾವುದನ್ನೂ ಹಾಕಬಾರದು ಎಂದಿತ್ತು. ಒಪ್ಪುವ ಮಾತೇ. ಉಳಿದೆರಡು ಹಾಳೆಗಳನ್ನು ನಾಲ್ಕಾಗಿ ಮಡಿಸಿ, ಲೊಡಲೊಡ ಅಲುಗುತ್ತಿದ್ದ ಕಂಪ್ಯೂಟರ್ ಮೇಜಿನ ಕಾಲಿನಡಿ ತುರುಕಿದೆ. ಮೇಜು ಅಲುಗುವುದು ನಿಂತಿತು. ಅವುಗಳಿಂದ ಇದಕ್ಕಿಂತ ಹೆಚ್ಚಿನ ಉಪಯೋಗವಿದೆಯೆಂದು ನನಗೆ ಅನ್ನಿಸಲಿಲ್ಲ.

ಹೆಸರು ಹಾಕುವಂತಿಲ್ಲವಲ್ಲ, ಮಕ್ಕಳೇ ಒಂದೊಂದು ಅಡ್ಡಹೆಸರು ಆರಿಸಿಕೊಂಡವು. ಒಬ್ಬ ರೈಲು, ಇನ್ನೊಬ್ಬಳು ಮೋಡ. ಕಡ್ಡಿಯಂತಿದ್ದ, ಮಾತೆತ್ತಿದರೆ ಪ್ರಶ್ನೆಯಿಂದ ಚುಚ್ಚುತ್ತಿದ್ದ ಹುಡುಗಿಯೊಬ್ಬಳು ತನಗೆ ತಾನೇ ಗುಂಡುಸೂಜಿ ಎಂದು ಹೆಸರಿಟ್ಟುಕೊಂಡಳು. ತಾಯಿಯಿಲ್ಲದ ಮಗು, ಅಜ್ಜಿಯ ಜೊತೆಗಿತ್ತು. ಅಪ್ಪ ಸರಕು ಹಡಗಿನಲ್ಲಿ ಅಡುಗೆಯವನು. ನಡುನೀರಿನಲ್ಲಿ ಫೋನ್ ಸಿಗುವುದಿಲ್ಲ. ಹಡಗಿನ ಕಂಪ್ಯೂಟರಿನ ಮುಂದೆ ಕೂರಲು ಪ್ರತಿಯೊಬ್ಬರಿಗೂ ವಾರಕ್ಕೆ ಅರ್ಧ ಗಂಟೆ, ಅವನ ಪಾಲಿಗೆ ಶನಿವಾರ. ಅಜ್ಜಿಗೋ ಗುಂಡಿ ಒತ್ತುವ ಫೋನು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಅಪ್ಪ ಕೊನೆಯ ಸಲ ಬಂದರಿನಿಂದ ಫೋನ್ ಮಾಡಿದಾಗ ನಮ್ಮ ಬ್ಲಾಗಿನ ವಿಳಾಸವನ್ನು ಒಂದೊಂದೇ ಅಕ್ಷರ ಹೇಳಿ ಬರೆಸಿದ್ದು ಈ ಗುಂಡುಸೂಜಿಯೇ.

ಕಂಪ್ಯೂಟರ್ ಒಂದೇ, ಮಕ್ಕಳು ಇಪ್ಪತ್ತಾರು. ದಿನಕ್ಕೆ ಐದೋ ಆರೋ ಮಂದಿಗೆ ಹತ್ತು ಹತ್ತು ನಿಮಿಷದ ಸರದಿ. ಗುಂಡುಸೂಜಿ ತನ್ನ ಸೋಮವಾರದ ಸರದಿಯನ್ನು ರೈಲಿಗೆ ಕೊಟ್ಟು, ಮೇಲೆ ಒಂದು ಹೊಸ ರಬ್ಬರನ್ನೂ ಕೊಟ್ಟು, ಅವನ ಶುಕ್ರವಾರವನ್ನು ತೆಗೆದುಕೊಂಡಳು. "ನಾಳೆ ಅಪ್ಪ ಓದ್ತಾರೆ, ಹೊಸದಾಗೇ ಇರ್ಬೇಕು" ಎಂಬುದು ಅವಳ ಲೆಕ್ಕ. ಬರೆಯುತ್ತಿದ್ದದ್ದು ಕಿಟಕಿಯಲ್ಲಿ ಬೆಳೆಸಿದ್ದ ಬಟಾಣಿ ಗಿಡದ ಸಮಾಚಾರ. ಎರಡು ಎಲೆ. ಐದು ಎಲೆ. ಗಿಡ ಬಾಗಿದೆ, ಕಡ್ಡಿ ಕಟ್ಟಿದ್ದೇನೆ. ಕೊನೆಗೆ ಪ್ರತಿ ಸಲವೂ ಒಂದೇ ಪ್ರಶ್ನೆ: "ಅಪ್ಪ, ಓದಿದ್ಯಾ?"

ಉತ್ತರ ಬರಲಿಲ್ಲ. ಸೋಮವಾರ ಬೆಳಿಗ್ಗೆ ಚೀಲ ಇಳಿಸುವ ಮೊದಲೇ ಬಂದು ಪರದೆ ನೋಡುತ್ತಿದ್ದಳು. ಒಂದು ವಾರ, ಮೂರು ವಾರ, ಒಂಬತ್ತು ವಾರ.

ಹನ್ನೊಂದನೇ ವಾರ, ಶುಕ್ರವಾರ, ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಮಿಸ್, ನನ್ನ ಸರದಿ ರೈಲಿಗೇ ಕೊಟ್ಬಿಡಿ."

"ಯಾಕೇ? ಹೂ ಬಿಟ್ಟಿದೆಯಲ್ಲ, ಬರೆಯಲ್ವಾ?"

"ಬೇಡ ಮಿಸ್. ಅಪ್ಪಂಗೆ ನಾನು ಬೇಡ ಅನ್ಸುತ್ತೆ."

ಅಳಲಿಲ್ಲ. ಅತ್ತಿದ್ದರೆ ಎತ್ತಿಕೊಂಡು ಸಮಾಧಾನ ಮಾಡಬಹುದಿತ್ತು. ಹೀಗೆ ನೆಟ್ಟಗೆ ನಿಂತು ಹೇಳಿದರೆ ಏನು ಮಾಡುವುದು? ನನಗೆ ಎಲ್ಲಿತ್ತೋ ಸಿಟ್ಟು, ಸೀದಾ ಹೆಡ್ ಮೇಡಂ ಕೋಣೆಗೆ ನುಗ್ಗಿದೆ.

"ನಿಮ್ಮ ಬ್ಲಾಗಿಗೊಂದು ದೊಡ್ಡ ನಮಸ್ಕಾರ ಮೇಡಂ! ಒಂದು ನರಪಿಳ್ಳೇನೂ ಓದಲ್ಲ. ಆ ಪುಣ್ಯಾತ್ಮ ಹಡಗಲ್ಲಿ ಕೂತು ಮಗಳಿಗೆ ಎರಡು ಸಾಲು ಬರೆಯೋಕಾಗಲ್ವಾ?"

ಮೇಡಂ ಎದ್ದು ನನ್ನ ಜೊತೆ ತರಗತಿಗೆ ಬಂದರು. ಮಕ್ಕಳು ಆಟದ ಬಯಲಿಗೆ ಹೋಗಿದ್ದರು. ಪರದೆಯ ಮೂಲೆಯಲ್ಲಿದ್ದ ಕೆಂಪು ಅಂಕಿಯ ಮೇಲೆ ಬೆರಳಿಟ್ಟರು. ಮೂವತ್ತೊಂದು.

"ಇದೇನು ಅಂತ ನೋಡಲಿಲ್ವಾ?"

"ಅದಾ? ವಾರ ವಾರ ಏರ್ತಾನೇ ಇದೆ. ಕಂಪ್ಯೂಟರಿಗೆ ಏನೋ ಜ್ವರ ಅನ್ಕೊಂಡು ಸುಮ್ನಿದ್ದೆ."

"ಅಯ್ಯೋ ನಮ್ಮಮ್ಮಾ! ಹೊರಗಿನವರು ಬರೆದದ್ದನ್ನ ನೀವು ಓದಿ ಒಪ್ಪಿಗೆ ಕೊಡೋವರೆಗೂ ಅದು ಯಾರಿಗೂ ಕಾಣಿಸಲ್ಲ. ಮಕ್ಕಳ ಬ್ಲಾಗು, ಸಿಕ್ಕಸಿಕ್ಕವರು ಏನೇನೋ ಬರೀಬಾರದು ಅಂತ. ಎರಡನೇ ಹಾಳೇಲೇ ಬರೆದಿದ್ದೆನಲ್ಲ?"

ನಾನು ಮೇಜಿನ ಕಾಲು ನೋಡಿದೆ. ಅವರೂ ನೋಡಿದರು.

ಮೂವತ್ತೊಂದರಲ್ಲಿ ಹತ್ತು ಹಡಗಿನಿಂದ ಬಂದವು, ವಾರಕ್ಕೊಂದರಂತೆ. "ಓದಿದೆ ಪುಟ್ಟಿ! ನೆರಳಲ್ಲಿ ಇಡ್ಬೇಡ, ಬಿಸಿಲು ಬೇಕು ಅದಕ್ಕೆ." "ಐದು ಎಲೇನಾ? ಇಲ್ಲಿ ಎಲ್ಲರಿಗೂ ಓದಿ ಹೇಳಿದೆ." "ಯಾಕೆ ಪುಟ್ಟಿ, ಉತ್ತರ ಬರೀಲಿಲ್ಲ?" ಕೊನೆಯದು ನನಗೆ ಬರೆದದ್ದು. "ಟೀಚರಿಗೆ ನಮಸ್ಕಾರ. ಹೊರಡೋ ದಿನ ಮಗು ಮಲಗಿತ್ತು. ಎಬ್ಬಿಸಿದ್ರೆ ಅಳ್ತಾಳೆ ಅಂತ ಹೇಳದೆ ಬಂದ್ಬಿಟ್ಟೆ. ಆ ಸಿಟ್ಟು ಇನ್ನೂ ಇರಬೇಕು. ನಾನು ಬರೆಯೋದು ಅವಳಿಗೆ ಇಷ್ಟ ಇಲ್ಲದಿದ್ರೆ ಇನ್ಮೇಲೆ ಬರೆಯಲ್ಲ. ಓದೋದಂತೂ ಓದ್ತೀನಿ."

ಅಪ್ಪನನ್ನೂ ಮಗಳನ್ನೂ ಹತ್ತು ವಾರ ಬಾಗಿಲ ಆಚೆ ಈಚೆ ನಿಲ್ಲಿಸಿ, ಚಿಲಕ ಹಾಕಿಕೊಂಡು ಕೂತವಳು ನಾನೇ.

ನನ್ನ ತರಗತಿಯಲ್ಲಿ ಹೊಡೆತ ಬಡಿತ ಇಲ್ಲ, ಮೂರು ಸಾಲು ಇದೆ. ತಪ್ಪು ಮಾಡಿದವರು ಬರೆಯಬೇಕು: ನಾನು ಮಾಡಿದ್ದೇನು, ಅದರಿಂದ ನೊಂದವರು ಯಾರು, ಇನ್ನು ನಾನು ಮಾಡುವುದೇನು. ಬರೆದು, ಎಲ್ಲರೆದುರು ಓದಿ, ಗೋಡೆಗೆ ಅಂಟಿಸಬೇಕು. ಮಕ್ಕಳು ಬಯಲಿನಿಂದ ಬಂದ ಮೇಲೆ ನಾನು ಎದ್ದು ನಿಂತು ಓದಿದೆ.

"ನಾನು ಮಾಡಿದ್ದು: ಸೂಚನೆ ಓದದೆ ಮೇಜಿನ ಕಾಲಿಗೆ ಕೊಟ್ಟೆ, ಬಂದ ಕಾಗದಗಳನ್ನು ಮುಚ್ಚಿಟ್ಟೆ. ನೊಂದವರು: ಗುಂಡುಸೂಜಿ ಮತ್ತು ಅವಳ ಅಪ್ಪ. ಇನ್ನು ಮಾಡುವುದು: ಎಲ್ಲಕ್ಕೂ ಈಗಲೇ ಒಪ್ಪಿಗೆ ಕೊಡುತ್ತೇನೆ."

ರೈಲು ಕೈ ಎತ್ತಿ ಕೇಳಿದ, "ಮಿಸ್, ನೀವೂ ತಪ್ಪು ಮಾಡ್ತೀರಾ?" ಅವನ ಮುಖದಲ್ಲಿದ್ದ ಖುಷಿ ನೋಡಬೇಕಿತ್ತು.

ಗುಂಡುಸೂಜಿ ಹತ್ತನ್ನೂ ಬೆರಳಿಟ್ಟು ಓದಿದಳು, ಅಕ್ಷರ ಕೂಡಿಸಿ ಕೂಡಿಸಿ, ತುಟಿ ಅಲ್ಲಾಡಿಸುತ್ತಾ. ಕೊನೆಯದನ್ನು ಎರಡು ಸಲ ಓದಿದಳು. ಅವಳು ನನ್ನತ್ತ ತಿರುಗಿಯೂ ನೋಡದೆ ಟೈಪ್ ಮಾಡತೊಡಗಿದಳು. ಹತ್ತು ನಿಮಿಷ ಮುಗಿದರೂ ಯಾರೂ ಸರದಿ ಕೇಳಲಿಲ್ಲ.

"ಅಪ್ಪ, ಹೂ ಬಂದಿದೆ, ಬಿಳೀದು. ನೀನು ಹೇಳ್ದೆ ಹೋದೆ ಅಂತ ಸಿಟ್ಟು ಬಂದಿತ್ತು. ಒಂದು ದಿನ ಇತ್ತು. ಆಮೇಲೆ ಖಾಲಿ ಆಯ್ತು. ಬರೆಯೋದು ನಿಲ್ಲಿಸ್ಬೇಡ. ತಪ್ಪು ನಮ್ಮ ಮಿಸ್‌ದು."

ಆ ಕೊನೆಯ ಸಾಲನ್ನು ಅಳಿಸು ಎನ್ನುವ ಯೋಗ್ಯತೆ ನನಗಿರಲಿಲ್ಲ. ಗೋಡೆಯ ಮೇಲಿದ್ದ ನನ್ನ ಮೂರು ಸಾಲಿನ ಫೋಟೋ ತೆಗೆದು ಅದರ ಕೆಳಗೆ ಹಾಕಿದೆವು.

ಶನಿವಾರ, ಭಾನುವಾರ ನನಗೆ ಊಟ ಸೇರಲಿಲ್ಲ. ಅವಳ ಅಪ್ಪ ಬೇಸತ್ತು ಈ ವಾರ ಪುಟವನ್ನೇ ತೆರೆಯದಿದ್ದರೆ? ಸೋಮವಾರ ಗಂಟೆ ಹೊಡೆಯುವ ಮೊದಲೇ ಶಾಲೆಗೆ ಓಡಿದೆ. ಗುಂಡುಸೂಜಿ ನನಗಿಂತ ಮೊದಲೇ ಬಾಗಿಲಲ್ಲಿ ಕಾಯುತ್ತಿದ್ದಳು, ಬೆನ್ನ ಮೇಲೆ ಚೀಲ.

ಮೂಲೆಯಲ್ಲಿ ಕೆಂಪು ಅಂಕಿ ಇತ್ತು. ಒಂದು.

ಮೊದಲು ನಾನು ಓದಬೇಕೆಂಬುದು ನಿಯಮ. ಓದಿದೆ. ಕನ್ನಡಕ ಒರೆಸಿಕೊಂಡು, ಎದ್ದು ಕುರ್ಚಿಯನ್ನು ಅವಳಿಗೆ ಬಿಟ್ಟೆ. ಅವಳು ಗಟ್ಟಿಯಾಗಿ ಓದಿದಳು.

"ನಾನು ಮಾಡಿದ್ದು: ಮಗಳನ್ನ ಎಬ್ಬಿಸದೆ ಹೊರಟುಬಂದೆ. ನೊಂದವರು: ಗುಂಡುಸೂಜಿ. ಇನ್ನು ಮಾಡೋದು: ಮುಂದಿನ ಸಲ ಎಬ್ಬಿಸ್ತೀನಿ. ಅಳಲಿ, ಜೊತೆಗೆ ನಾನೂ ಅಳ್ತೀನಿ, ಆದ್ರೆ ಹೇಳದೆ ಮಾತ್ರ ಹೋಗಲ್ಲ."

ಅವಳು ಬೆರಳು ಮಡಿಸಿ ಎಣಿಸಿದಳು.

"ಮೂರೂ ಇದೆ ಮಿಸ್," ಅಂದಳು, ಕಣ್ಣು ತುಂಬಿಕೊಂಡು, ನನ್ನದೇ ಗತ್ತಿನಲ್ಲಿ. "ಒಪ್ಪಿಗೆ ಕೊಡ್ಲಾ?"

"ಕೊಡಮ್ಮ," ಅಂದೆ.